ನೀಲಮ್ಮ ರಿಲಿಂಕ್ವಿಶ್ ಮಾಡಿದ್ದು

ನೀಲಮ್ಮನ ಮೊಳ ಉದ್ದ. ನಜರ್‌ಬಾದ್‌ನ ನಮ್ಮ ಬೀದಿಗೆ ಹೂವು ಕೊಳ್ಳಲು ಬರುವ ಹೆಂಗಸರಿಗೆಲ್ಲ ಇದು ಗೊತ್ತು. ಇಲ್ಲಿ ಕಟ್ಟಿದ ಹೂವಿಗೆ ತಕ್ಕಡಿಯಿಲ್ಲ, ಮೊಳದ ಲೆಕ್ಕ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಅಳತೆಕೋಲು ಮಾರುವವಳ ಮೈಯಲ್ಲೇ ಇರುವುದರಿಂದ ಗಿಡ್ಡ ಕೈಯವಳ ಹತ್ತಿರ ಕೊಂಡವರಿಗೆ ಕಡಿಮೆ, ಉದ್ದ ಕೈಯವಳ ಹತ್ತಿರ ಕೊಂಡವರಿಗೆ ಹೆಚ್ಚು. ನೀಲಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನುಗ್ಗುವಷ್ಟು ಎತ್ತರದ ಹೆಂಗಸು. ಅವಳ ಒಂದು ಮೊಳ ಮಲ್ಲಿಗೆ ಕೊಂಡರೆ ತಾಯಿ ಮಗಳು ಇಬ್ಬರೂ ಮುಡಿಯಬಹುದಿತ್ತು.

ನಾನು ಅವಳ ಪಕ್ಕದಲ್ಲಿ ವೀಳ್ಯದೆಲೆ ಮಾರುವವಳು, ಮಹದೇವಮ್ಮ. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನನ್ನು ಕೈಹಿಡಿದು ತಂದು ಈ ಸಾಲಿನಲ್ಲಿ ಕೂರಿಸಿದವಳು ನೀಲಮ್ಮ. ಆಗಲೇ ಅವಳೂ ಗಂಡನನ್ನು ಕಳೆದುಕೊಂಡು, ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತು, ಮಗಳನ್ನು ಓದಿಸುತ್ತಿದ್ದಳು. ಬಾಯಿ ಜೋರು, ಲೆಕ್ಕ ಚೊಕ್ಕ. ನಿನ್ನೆಯ ಹೂವನ್ನು ಇವತ್ತಿನದೆಂದು ಒಮ್ಮೆಯೂ ಮಾರಿದವಳಲ್ಲ. "ಇದು ನಿನ್ನೇದು ಕಣಮ್ಮ, ಸಾಯಂಕಾಲದ ಹೊತ್ಗೆ ಬಾಡ್ತದೆ, ದೇವ್ರಿಗಾದ್ರೆ ಬ್ಯಾಡ" ಎಂದು ಮುಖದ ಮೇಲೆ ಹೇಳಿಬಿಡುತ್ತಿದ್ದಳು.

ನಮ್ಮ ಸಾಲು ಒಂದು ಹಳೆಯ ಕಾಂಪೌಂಡ್ ಗೋಡೆಯ ಉದ್ದಕ್ಕೂ, ಹೊಂಗೆ ಮರದ ಕೆಳಗಿದೆ. ಹೂವು, ಎಲೆ, ಬಾಳೆಹಣ್ಣು, ನಿಂಬೆಹಣ್ಣು. ಸರ್ಕಾರದ ಲೆಕ್ಕದಲ್ಲಿ ಆ ಜಾಗ ರಸ್ತೆಯದು. ನಮ್ಮ ಲೆಕ್ಕದಲ್ಲಿ ಕಲ್ಲಿನದು. ಸಾಲಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಒಂದೊಂದು ಕಲ್ಲುಂಟು. ಸಂಜೆ ಬುಟ್ಟಿ, ಗೋಣಿ ಎಲ್ಲ ಮನೆಗೆ ಹೋಗುತ್ತವೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ. ಕಲ್ಲಿರುವವರೆಗೆ ಆ ಜಾಗಕ್ಕೆ ಬೇರೆಯವರು ಬರುವುದಿಲ್ಲ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಯಾರಾದರೂ ಸತ್ತರೆ ಮಕ್ಕಳು ಬಂದು ಕಲ್ಲೆತ್ತುತ್ತಾರೆ. ಬದುಕಿರುವವರು ಜಾಗ ಬಿಡುವುದಾದರೆ ತಮ್ಮ ಕೈಯಿಂದಲೇ ಎತ್ತಬೇಕು, ಮಗ ಮಗಳು ಬಂದು ಎತ್ತಿದರೂ ನಡೆಯದು. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ನಾನು ಬರುವ ಮೊದಲಿನಿಂದಲೂ ಹೀಗೇ ಇದೆ.

ನನ್ನದು ಒಂದು ಸಾಧಾರಣ ಸೈಜುಗಲ್ಲು. ನೀಲಮ್ಮನದು ಅವಳ ಅತ್ತೆಯ ರುಬ್ಬುಗುಂಡು. ಮನೆಗೆ ಮಿಕ್ಸಿ ಬಂದಾಗ ಒರಳು ಹಿತ್ತಲು ಸೇರಿತು, ಗುಂಡು ಆಟೋದಲ್ಲಿ ನಮ್ಮ ಸಾಲಿಗೆ ಬಂತು. ಕಪ್ಪಗೆ, ನುಣ್ಣಗೆ, ಕೆಳಗೆ ದಪ್ಪ, ಮೇಲೆ ಸಣ್ಣ. ಹಿಡಿಕೆಯ ಮರ ಮುರಿದುಹೋಗಿ ತಲೆಯಲ್ಲಿ ಒಂದು ತೂತು ಉಳಿದಿತ್ತು. ನೀಲಮ್ಮ ಬೆಳಿಗ್ಗೆ ಬಂದ ಕೂಡಲೇ ಅದರ ಪಕ್ಕ ಕೂತು, ಕಾಲು ಚಾಚಿ, ಹೂವು ಕಟ್ಟಲು ಶುರು ಮಾಡಿದರೆ ನಮಗೆ ದಿನ ಆರಂಭವಾದಂತೆ.

ಸುಂದರೇಶ ಮೇಷ್ಟ್ರು ಅವಳ ಹಳೆಯ ಗಿರಾಕಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಪ್ರತಿದಿನ ಸಂಜೆ ಸ್ಕೂಟರಿನಲ್ಲಿ ಬಂದು ದೇವರ ಮನೆಗೆಂದು ಒಂದು ಮೊಳ ಹೂವು ಕೊಳ್ಳುತ್ತಿದ್ದರು. ಒಂದು ಸಂಜೆ ನಡೆದುಕೊಂಡು ಬಂದರು.

"ಯಾಕ್ ಸ್ವಾಮಿ, ಗಾಡಿ ಕೆಟ್ಟೋಯ್ತಾ?" ಎಂದಳು ನೀಲಮ್ಮ.

"ಗಾಡಿ ಚೆನ್ನಾಗೇ ಇದೆಯಮ್ಮ. ನನ್ನ ಕಣ್ಣು ಚೆನ್ನಾಗಿಲ್ಲ. ಇವತ್ತು ಬೀಗದ ಕೈ ಸೊಸೆಗೆ ಕೊಟ್ಟುಬಿಟ್ಟೆ. ಯಾರೂ ಕೇಳಲಿಲ್ಲ, ನಾನೇ ಕೊಟ್ಟೆ." ಖಾಲಿ ಜೇಬು ಸವರಿಕೊಂಡು, "ಇದಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಮಾತಿದೆ, ರಿಲಿಂಕ್ವಿಶ್ ಅಂತ" ಎಂದರು.

ಅವರ ದನಿ ಇಳಿದಿದ್ದನ್ನು ಕೇಳಿ ನಾನು ಎಲೆ ಎಣಿಸತೊಡಗಿದೆ. ನೀಲಮ್ಮ ಸುಮ್ಮನಾಗುವವಳಲ್ಲ.

"ಅಂಗಂದ್ರೆ ಬುಟ್ಕೊಡೋದು ಅಂತ್ಲಾ?"

"ಹೌದು. ಆದರೆ ಎಲ್ಲ ಬಿಟ್ಟುಕೊಡೋದಕ್ಕೂ ಹಾಗನ್ನೋದಿಲ್ಲ. ರಾಜ ಸಿಂಹಾಸನ ಬಿಟ್ಟುಕೊಟ್ಟ, ಅಕ್ಕ ತನ್ನ ಪಾಲಿನ ಹಕ್ಕು ಬಿಟ್ಟುಕೊಟ್ಟಳು, ಯಜಮಾನ ಅಧಿಕಾರ ಬಿಟ್ಟುಕೊಟ್ಟ, ಅಂಥ ಕಡೆ ಬಳಸೋ ಮಾತು."

"ಬಸ್ಸಲ್ಲಿ ಮುದುಕಿಗೆ ಸೀಟು ಬುಟ್ಕೊಟ್ರೆ?"

"ಅಷ್ಟಕ್ಕೆಲ್ಲ ಇಷ್ಟು ದೊಡ್ಡ ಮಾತು ಯಾಕಮ್ಮ? ಬಳಸಿದರೆ ಕೇಳಿದವರು ನಗ್ತಾರೆ."

"ಕಳ್ಳ ಸರ ಕಿತ್ಕಂಡ್ ಓದ್ರೆ?"

"ಆಗೋದಿಲ್ಲ. ನೀನು ಬಿಡಲಿಲ್ಲವಲ್ಲ, ಅವನು ಕಿತ್ತುಕೊಂಡ."

"ಬ್ಯಾಡ ಅಂತ ನಾನೇ ಬಿಸಾಕಿದ್ರೆ?"

ಮೇಷ್ಟ್ರು ಇದಕ್ಕೆ ಯೋಚಿಸಿದರು. ಗಾಳಿಗೆ ಹೊಂಗೆ ಹೂವು ಅವರ ಹೆಗಲ ಮೇಲೆ ಉದುರಿತು. "ಅದಕ್ಕೂ ಸರಿಹೋಗೋದಿಲ್ಲ. ಬೇಡವಾದ್ದನ್ನು ಎಸೆಯೋದು ಬೇರೆ. ಅದು ನಿನ್ನದಾಗಿರಬೇಕು, ನಿನ್ನ ಕೈಯಲ್ಲಿರಬೇಕು, ನಿನಗೆ ಬೇಕೂ ಆಗಿರಬೇಕು. ಆಮೇಲೆ ನೀನಾಗಿ ಕೈ ಬಿಡಬೇಕು. ಆಗ ಆ ಮಾತು ಒಪ್ಪುತ್ತೆ."

"ಅಂಗಾದ್ರೆ ನಿಮ್ ಸ್ಕೂಟ್ರಿಗೆ ಒಪ್ತದೆ ಬುಡಿ" ಎಂದು ನೀಲಮ್ಮ ಆ ದಿನ ಮೊಳದ ಮೇಲೆ ಒಂದು ಗೇಣು ಹೂವು ಹೆಚ್ಚಿಗೆ ಕೊಟ್ಟಳು.

ಅಂದಿನಿಂದ ಆ ಮಾತು ನಮ್ಮ ಸಾಲಿನಲ್ಲಿ ಓಡಾಡತೊಡಗಿತು. ಎಲ್ಲರಿಗಿಂತ ಹೆಚ್ಚು ಓಡಾಡಿಸಿದವನು ಬಾಳೆಹಣ್ಣಿನ ಕರಿಬಸವಯ್ಯ. ಅವನ ನಾಲಿಗೆ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಯಾರೋ ಹೆಂಗಸು ಹಣ್ಣಿನ ಚಿಪ್ಪನ್ನು ಹಿಸುಕಿ ಹಿಸುಕಿ ನೋಡುತ್ತಿದ್ದರೆ, "ಅಕ್ಕಾ, ಆ ಚಿಪ್ಪನ್ನ ಒಸಿ ರಿಲಿಂಕ್ವಿಶ್ ಮಾಡಿ" ಎನ್ನುತ್ತಿದ್ದ.

"ಅದಿನ್ನೂ ಅವರ್ದಾಗಿಲ್ಲ ಕಣಯ್ಯ, ತಮ್ದಲ್ದೇ ಇರೋದ್ನ ಎಂಗ್ ಬುಟ್ಕೊಡ್ತಾರೆ?" ಎಂದು ನೀಲಮ್ಮ ಕೂತಲ್ಲಿಂದಲೇ ತಿದ್ದುತ್ತಿದ್ದಳು.

ಕಬ್ಬು ಕಡಿಯಲು ಹೋಗಿ ಅವನ ಮುಂದಿನ ಹಲ್ಲು ಬಿದ್ದಾಗ, "ನೀಲಕ್ಕಾ, ಹಲ್ಲು ರಿಲಿಂಕ್ವಿಶ್ ಮಾಡ್ಬುಟ್ಟೆ" ಎಂದು ಬೊಕ್ಕುಬಾಯಿ ತೆರೆದು ತೋರಿಸಿದ.

"ಉದುರಿದ್ದಕ್ಕೆ ಬರಲ್ಲ ಅಂತ ಮೇಷ್ಟ್ರು ಏಳವ್ರೆ. ನಾಲ್ಗೆ ಒಂದಿದ್ಯಲ್ಲ, ಅದನ್ನ ಬೇಕಾದ್ರೆ ಮಾಡು, ನಾವೆಲ್ಲ ಸುಖವಾಗಿರ್ತೀವಿ."

ಹೀಗಿದ್ದಾಗಲೇ, ಮಾಘ ಕಳೆದ ಮೇಲೆ ಒಂದು ದಿನ, ಹೂವು ಕಟ್ಟುತ್ತಾ ಇದ್ದ ನೀಲಮ್ಮನ ಬಲಗೈಯಿಂದ ನಾರು ಜಾರಿತು. ಎತ್ತಿಕೊಳ್ಳಲು ಹೋದಳು, ಕೈ ಮಾತು ಕೇಳಲಿಲ್ಲ. ಬಾಯಿ ಒಂದು ಕಡೆ ವಾಲಿತು. ಲಕ್ವ. ಕರಿಬಸವಯ್ಯನೇ ಅವಳನ್ನು ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ. ಜೀವಕ್ಕೆ ಅಪಾಯವಾಗಲಿಲ್ಲ. ಮಾತು ನಿಧಾನವಾಗಿ ಹಿಂದಿರುಗಿತು, ಕೋಲು ಹಿಡಿದು ಒಂದಿಷ್ಟು ನಡೆಯುವಂತಾದಳು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದೇ ಇತ್ತು. ಊರಿನ ಆಚೆ ತುದಿಯ ವಿಜಯನಗರದಲ್ಲಿರುವ ಮಗಳು ಪ್ರೇಮಮ್ಮ ತನ್ನ ಮನೆಗೆ ಕರೆದುಕೊಂಡು ಹೋದಳು. ಗುಂಡು ಸಾಲಿನಲ್ಲೇ ಉಳಿಯಿತು. ಅದರ ಮುಂದಿನ ಜಾಗ ಖಾಲಿ ಬಿದ್ದಿತ್ತು. ನಾವು ದಿನಾ ಬೆಳಿಗ್ಗೆ ನಮ್ಮ ಜಾಗದ ಜೊತೆ ಅದನ್ನೂ ಗುಡಿಸುತ್ತಿದ್ದೆವು.

ಬೇಸಿಗೆಯಲ್ಲಿ ನಾಗಮಣಿ ಬಂದಳು. ಮಂಡಕಳ್ಳಿಯವಳು, ಮೂವತ್ತು ತುಂಬಿರಲಿಕ್ಕಿಲ್ಲ. ಗಂಡ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಇದ್ದ ತುಂಡು ನೆಲದಲ್ಲಿ ಕನಕಾಂಬರ, ಮಲ್ಲಿಗೆ ಬೆಳೆದು, ಬುಟ್ಟಿ ಹೊತ್ತು ಮೊದಲ ಬಸ್ಸಿಗೇ ಬರುತ್ತಿದ್ದಳು. ಕೂರಲು ಜಾಗವಿಲ್ಲ. ಸಾಲಿನ ಕೊನೆಯಲ್ಲಿ, ಮರದ ನೆರಳು ಮುಗಿದ ಮೇಲೆ, ಮೋರಿಯ ಪಕ್ಕ ಒಂದು ಇಟ್ಟಿಗೆಯ ಮೇಲೆ ಕೂರುತ್ತಿದ್ದಳು. ಬಿಸಿಲಿಗೆ ಹೂವು ಮಧ್ಯಾಹ್ನಕ್ಕೇ ಬಾಡುತ್ತಿತ್ತು. ಬಾಡಿದ ಮೇಲೆ ಕನಕಾಂಬರವನ್ನು ಯಾರು ಕೊಳ್ಳುತ್ತಾರೆ? ಅರ್ಧ ಬುಟ್ಟಿಯನ್ನು ಮೋರಿಗೆ ಸುರಿದು ಬಸ್ಸು ಹತ್ತುತ್ತಿದ್ದಳು. ಶ್ರಾವಣದೊಳಗೆ ನೆರಳಿನಲ್ಲಿ ಜಾಗ ಸಿಗದಿದ್ದರೆ ಹೂವಿನ ಗಿಡ ಕಿತ್ತು ಹಾಕಿ ಕೂಲಿಗೆ ಹೋಗುತ್ತೇನೆ ಎಂದು ನನ್ನ ಹತ್ತಿರ ಹೇಳಿದಳು.

"ಮಾದೇವಕ್ಕಾ, ಆ ಕಲ್ಲು ಯಾರ್ದು?" ಎಂದು ಮೊದಲ ದಿನವೇ ಕೇಳಿದ್ದಳು.

"ನೀಲಮ್ಮಂದು. ಅವಳಿಗೆ ಹುಷಾರಿಲ್ಲ. ಮುಟ್ಬ್ಯಾಡ ಕಣೇ."

ಅವಳು ಮುಟ್ಟಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ, ತಲೆಯ ಮೇಲೆ ಒಂದು ತುಣುಕು ಕನಕಾಂಬರ ಇಟ್ಟಿದ್ದಳು. ಕೇಳಿದರೆ, "ಆ ತಾಯಿ ಬೇಗ ಹುಷಾರಾಗ್ಲಿ ಅಂತ ಇಟ್ಟೆ ಕಣಕ್ಕ" ಎಂದಳು. ಜಾಗಕ್ಕಾಗಿ ಕಾಯುತ್ತಿದ್ದವಳು, ಜಾಗದವಳು ಹುಷಾರಾಗಿ ಬರಲಿ ಎಂದು ಹೂವಿಡುತ್ತಿದ್ದಾಳೆ. ಆ ಹೂವನ್ನು ತೆಗೆಯಲು ನನಗೆ ಕೈ ಬರಲಿಲ್ಲ.

ಅದು ಅಲ್ಲಿಗೆ ನಿಲ್ಲಲಿಲ್ಲ. ಕಪ್ಪು ಕಲ್ಲು, ಮೇಲೆ ದುಂಡು, ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಹೂವು. ನೋಡಿದವರ ಕೈ ತಾನಾಗಿ ಮೇಲೆ ಹೋಗುತ್ತದೆ. ಕಾಲೇಜಿನ ಹುಡುಗಿಯರು ಪರೀಕ್ಷೆಗೆ ಹೋಗುವಾಗ ನಿಂತು ಕೈಮುಗಿದರು. ಬೈಕಿನಲ್ಲಿ ಹೋಗುತ್ತಿದ್ದವರು ಹೆಲ್ಮೆಟ್ ತೆಗೆದು ನಮಸ್ಕಾರ ಮಾಡಿದರು. ಯಾರೋ ಚಿಲ್ಲರೆ ಹಾಕಿದರು, ಇನ್ನಾರೋ ಮಣ್ಣಿನ ದೀಪ ಹಚ್ಚಿದರು.

"ಇದ್ಯಾವ ದೇವ್ರು?" ಎಂದು ಒಬ್ಬರು ಕೇಳಿದಾಗ ಕರಿಬಸವಯ್ಯ, "ಉದ್ಭವಲಿಂಗ ಸ್ವಾಮಿ, ಮಾಘದಲ್ಲಿ ಎದ್ದಿದ್ದು" ಎಂದುಬಿಟ್ಟ. ತಮಾಷೆಗೆ ಅಂದದ್ದು. ಅವರು ನಂಬಿ ಸಾಷ್ಟಾಂಗ ಬಿದ್ದರು. "ಇನ್ನು ಸ್ವಾಮಿಗೂ ಒಂದು ಸ್ಕ್ಯಾನರ್ ಇಡ್ಬೇಕು ಕಣ್ರೀ, ಈಗ ಯಾರ್ ಜೇಬಲ್ಲಿ ಚಿಲ್ರೆ ಇರ್ತದೆ" ಎಂದು ನಗಾಡಿದ. ಅದು ರುಬ್ಬುಗುಂಡು ಎಂದು ನಾನು ಬಂದವರಿಗೆಲ್ಲ ಹೇಳಿದೆ. "ಹಾಗೆಲ್ಲ ಅನ್ನಬಾರದು ಅಜ್ಜಿ" ಎಂದು ನನಗೇ ಬುದ್ಧಿ ಹೇಳಿದರು.

ಎದುರುಗಡೆ ಸಿಮೆಂಟು, ಬಣ್ಣ ಮಾರುವ ಅಂಗಡಿ ಸಿದ್ದಲಿಂಗಸ್ವಾಮಿಯವರದು. ದೈವಭಕ್ತರು, ಒಳ್ಳೆಯ ಮನುಷ್ಯ. ಆಷಾಢದ ಕೊನೆಯಲ್ಲಿ ಅವರು ರಸ್ತೆ ದಾಟಿ ಬಂದು, ಕೈಕಟ್ಟಿ ನಿಂತು, "ಸ್ವಾಮಿ ಬಿಸಿಲಲ್ಲಿ ಮಳೇಲಿ ನಿಂತಿರೋದು ನೋಡಕ್ಕಾಗ್ತಿಲ್ಲ. ಸೋಮವಾರ ಒಂದು ಕಟ್ಟೆ ಕಟ್ಟಿ, ಸಿಮೆಂಟಲ್ಲಿ ಕೂರ್ಸಿ, ಮೇಲೊಂದು ಶೀಟು ಹಾಕಿಸ್ಬುಡ್ತೀನಿ, ನನ್ ಖರ್ಚು" ಎಂದರು.

ಕರಿಬಸವಯ್ಯನ ನಗು ಅಲ್ಲಿಗೆ ನಿಂತಿತು. ಸಿಮೆಂಟು ಬಿದ್ದರೆ ಜಾಗ ನೀಲಮ್ಮನದೂ ಅಲ್ಲ, ನಾಗಮಣಿಯದೂ ಅಲ್ಲ. ನಾಗಮಣಿ ಅಳುಮುಖ ಮಾಡಿಕೊಂಡು ನನ್ನ ಮುಂದೆ ಬಂದು ನಿಂತಳು. "ನಾನೊಂದು ಹೂ ಇಟ್ಟಿದ್ದಕ್ಕೆ ಇಂಗಾಗೋಯ್ತಲ್ಲಕ್ಕ. ಕಲ್ಲೆತ್ತಿ ಗೋಡೆ ಪಕ್ಕಕ್ಕೆ ಇಟ್ಬುಡಾಣ್ವಾ?"

"ನೀನೂ ಎತ್ತಂಗಿಲ್ಲ, ನಾನೂ ಎತ್ತಂಗಿಲ್ಲ" ಎಂದೆ.

ಮರುದಿನ ಎಲೆಯ ಬುಟ್ಟಿಯನ್ನು ಕರಿಬಸವಯ್ಯನಿಗೆ ಒಪ್ಪಿಸಿ ವಿಜಯನಗರದ ಬಸ್ಸು ಹತ್ತಿದೆ. ನೀಲಮ್ಮ ಮಗಳ ಮನೆಯ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಸಾಮಾನಿನ ಜೊತೆ ಬಂದಿದ್ದ, ಗುಂಡಿಲ್ಲದ ಒರಳೂ ಅಲ್ಲೇ ಮೂಲೆಯಲ್ಲಿತ್ತು. ಅದರಲ್ಲಿ ನೀರು ತುಂಬಿ ಗುಬ್ಬಚ್ಚಿಗೆ ಇಟ್ಟಿದ್ದರು. ನಾನು ಒಂದನ್ನೂ ಬಿಡದೆ ಎಲ್ಲ ಹೇಳಿದೆ. ಉದ್ಭವಲಿಂಗದ ಮಾತಿಗೆ ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ನಮ್ಮತ್ತೆ ಅದ್ರಲ್ಲಿ ಎಷ್ಟು ಹುರಳಿ ರುಬ್ಬವ್ಳೆ!" ಎಂದಳು. ನಾಗಮಣಿ ಹೂವಿಟ್ಟ ಕಾರಣ ಹೇಳಿದಾಗ ನಗು ನಿಂತಿತು.

"ನಾನು ಹುಷಾರಾಗ್ಲಿ ಅಂತ ಇಟ್ಳಾ?"

"ಹೂಂ."

"ಅವಳ ಹೂವು ಎಂಗದೆ?"

"ಚೆನ್ನಾಗದೆ. ಕಟ್ಟು ಸ್ವಲ್ಪ ಸಡಿಲ."

ಮಡಿಲಲ್ಲಿ ಬಿದ್ದಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ನೋಡಿಕೊಂಡಳು. "ಮಾದೇವಿ, ಕೈ ಬಿದ್ದೋದಾಗ ಜಾಗಾನೂ ಓಯ್ತು ಅಂತ್ಲೇ ತಿಳ್ಕಂಡಿದ್ದೆ. ಕಳ್ಳ ಕಿತ್ಕಂಡ್ ಓದಂಗೆ. ದಿನಾ ಅದೇ ಸಂಕಟ. ಕಲ್ಲಿನ್ನೂ ಅಲ್ಲೇ ಅದೆ ಅಂದ್ರೆ ಜಾಗ ಇನ್ನೂ ನಂದೇ, ಅಲ್ವಾ?"

"ನಿಂದೇ."

"ಅಂಗಾದ್ರೆ ಕಿತ್ಕಂಡಿಲ್ಲ ಬುಡು." ಎಂದು ಬಲಗೈಯನ್ನು ಮಡಿಲಿಗಿಳಿಸಿದಳು. "ಮೇಷ್ಟ್ರ ಮಾತು ನೆನಪದಾ ನಿಂಗೆ? ನಮ್ದಾಗಿರ್ಬೇಕು, ಕೈಲಿರ್ಬೇಕು, ಬೇಕೂ ಆಗಿರ್ಬೇಕು."

"ನಿಂಗೆ ಬೇಕಾ ಇನ್ನೂವೆ?" ಎಂದು ಕೇಳಿದೆ.

"ಬೇಕು ಕಣೇ" ಎಂದಳು. ಆ ಮಾತನ್ನು ಅವಳು ಹೇಳಿದ ರೀತಿಗೆ ನಾನು ತಲೆ ತಗ್ಗಿಸಿದೆ. ಆಮೇಲೆ ಒಳಗೆ ತಿರುಗಿ, "ಪ್ರೇಮಾ, ಸೋಮ್ವಾರ ಬೆಳಿಗ್ಗೆ ಆಟೋದವ್ನಿಗೆ ಬರಕ್ಕೇಳು" ಎಂದು ಕೂಗಿದಳು.

ಸೋಮವಾರ ನಾವೆಲ್ಲ ಬೇಗನೇ ಬಂದಿದ್ದೆವು. ಸಿದ್ದಲಿಂಗಸ್ವಾಮಿಯವರ ಕೆಲಸದವನು ಸಿಮೆಂಟು ಕಲೆಸಲು ಮರಳು ಸುರಿಯುತ್ತಿದ್ದ. ವಿಷಯ ತಿಳಿದು ಸುಂದರೇಶ ಮೇಷ್ಟ್ರು ಕೂಡ ಬೆಳಗಿನ ನಡಿಗೆಯನ್ನು ನಮ್ಮ ಕಡೆಗೇ ತಿರುಗಿಸಿದ್ದರು. ಆಟೋ ಬಂದು ನಿಂತಿತು. ನೀಲಮ್ಮ ಮಗಳ ಹೆಗಲು ಹಿಡಿದು ಇಳಿದಳು, ಕೋಲು ಊರುತ್ತಾ ನೇರ ಗುಂಡಿನ ಹತ್ತಿರ ಹೋಗಿ, ತನ್ನ ಹಳೆಯ ಜಾಗದಲ್ಲಿ ಕೂತಳು. ಕಾಲು ಚಾಚಿದಳು. ಹೂವು ಕಟ್ಟಲು ಕೂತ ಹಾಗೇ.

"ಅಮ್ಮಾ, ಲಿಂಗ ಮುಟ್ಬೇಡಿ, ಈಗ ಪೂಜೆ ಮಾಡಿ ಕೂರಿಸ್ತೀವಿ" ಎಂದು ಸಿದ್ದಲಿಂಗಸ್ವಾಮಿಯವರು ಓಡಿ ಬಂದರು.

"ಬುದ್ಧಿ, ಇದು ನಮ್ಮತ್ತೆ ರುಬ್ಬುಗುಂಡು. ಇಲ್ನೋಡಿ" ಎಂದು ಅವಳು ಸೆರಗಿನಿಂದ ಗುಂಡಿನ ತಲೆಯನ್ನು ಒರೆಸಿದಳು. ಕುಂಕುಮ ಹೋಗಿ ಹಿಡಿಕೆಯ ತೂತು ಕಾಣಿಸಿತು. "ಲಿಂಗಕ್ಕೆ ಹಿಡಿಕೆ ಸಿಗ್ಸಕ್ಕೆ ತೂತಿರ್ತದಾ?"

ಸಿದ್ದಲಿಂಗಸ್ವಾಮಿಯವರ ಮುಖ ಸಣ್ಣದಾಯಿತು. "ನಾವೆಲ್ಲ ಕೈಮುಗಿದ್ವಲ್ಲಮ್ಮ..."

"ಮುಗ್ದಿದ್ದು ಒಳ್ಳೇದೇ ಆಯ್ತು. ಅದು ನನ್ನ ಮಗಳನ್ನ ಸಾಕಿದ ಕಲ್ಲು. ನಾನೂ ದಿನಾ ಮುಗೀತಿದ್ದೆ. ಆದ್ರೆ ದೇವ್ರದು ಅಂತಾಗ್ಬುಟ್ರೆ ನಾನು ಯಾರಿಗೂ ಕೊಡಕ್ಕಾಗಲ್ಲ. ನಂದು ಅಂತಾದ್ರೆ ಕೊಡ್ಬೋದು."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಸರಿದವರು ಕೆಲಸದವನಿಗೆ ಮರಳನ್ನು ಮತ್ತೆ ಚೀಲಕ್ಕೆ ತುಂಬಲು ಹೇಳಿದ್ದು ನನಗೆ ಕೇಳಿಸಿತು.

ಆದರೆ ಗುಂಡು ಭಾರ, ಕೈ ಒಂದೇ. ನೀಲಮ್ಮ ಎಡಗೈಯಿಂದ ಎಳೆದಳು, ಅದು ಅಲುಗಲಿಲ್ಲ. ಪ್ರೇಮಮ್ಮ ಬಗ್ಗಿದಳು. "ನೀನ್ ಮುಟ್ಬ್ಯಾಡ" ಎಂದಳು ತಾಯಿ. ಕರಿಬಸವಯ್ಯ ಕೈ ಚಾಚಿ, ತಾನೇ ಹಿಂದಕ್ಕೆ ತೆಗೆದುಕೊಂಡ. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ. ನೀಲಮ್ಮ ಸ್ವಲ್ಪ ಸುಧಾರಿಸಿಕೊಂಡು, ಬದಿಗೆ ವಾಲಿ, ಗುಂಡನ್ನು ಎಡತೋಳಿನಲ್ಲಿ ತಬ್ಬಿದಳು. ಆ ಉದ್ದನೆಯ ತೋಳು ಅದನ್ನು ಪೂರ್ತಿ ಸುತ್ತಿಕೊಂಡಿತು. ತಬ್ಬಿ ತನ್ನ ಕಡೆಗೆ ಉರುಳಿಸಿದಳು. ಗುಂಡು ನೆಲ ಬಿಟ್ಟು ಅವಳ ಮಡಿಲಿಗೆ ಬಂತು. ಅದಿದ್ದ ಕಡೆ ದುಂಡಗೆ ಒದ್ದೆ ಮಣ್ಣು, ಒಂದೆರಡು ಇರುವೆ.

"ಬಾರೇ ಇಲ್ಲಿ" ಎಂದು ನಾಗಮಣಿಯನ್ನು ಕರೆದಳು.

ನಾಗಮಣಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. "ನಂಗ್ ಬ್ಯಾಡಿ ತಾಯಿ. ನೀವು ಹುಷಾರಾಯ್ತೀರಿ, ಬಂದ್ ಕೂರ್ತೀರಿ."

"ಹುಷಾರಾಯ್ತೀನಿ. ಹೂ ಕಟ್ಟೋವಷ್ಟು ಆಗಲ್ಲ, ಡಾಕ್ಟ್ರು ಏಳವ್ರೆ. ನಾನು ಸತ್ತ ಮೇಲೆ ನನ್ ಮಗಳು ಬಂದು ಎತ್ತಿದ್ರೆ ಅದು ನಾನು ಕೊಟ್ಟಂಗಾಗಲ್ಲ. ಈಗ ಕೊಟ್ರೆ ನಾನು ಕೊಟ್ಟಂಗೆ. ನಿನ್ ಕಲ್ಲೆಲ್ಲಿ?"

ನಾಗಮಣಿಗೆ ಕಲ್ಲೆಲ್ಲಿಯದು? ಅತ್ತಿತ್ತ ನೋಡಿ, ಓಡಿಹೋಗಿ, ಮೋರಿಯ ಪಕ್ಕ ತಾನು ಕೂರುತ್ತಿದ್ದ ಇಟ್ಟಿಗೆಯನ್ನು ತಂದಳು. ಗುಂಡಿದ್ದ ಒದ್ದೆ ಮಣ್ಣಿನ ಮೇಲೆ ಅದನ್ನು ಇಟ್ಟು, ಕಣ್ಣೊರೆಸಿಕೊಂಡು, ನೀಲಮ್ಮನ ಪಕ್ಕ ಕೂತಳು.

ಕರಿಬಸವಯ್ಯನಿಗೆ ಆಗ ಮಾತು ಬಂತು. "ಮೇಷ್ಟ್ರೇ, ಇದಕ್ಕೆ ಒಪ್ತದಾ ನಿಮ್ ಮಾತು?"

"ಒಪ್ಪುತ್ತಪ್ಪ" ಎಂದರು ಸುಂದರೇಶ ಮೇಷ್ಟ್ರು. ಕನ್ನಡಕ ತೆಗೆದು ಒರೆಸುತ್ತಾ, "ನನ್ನ ಸ್ಕೂಟರಿಗಿಂತ ಚೆನ್ನಾಗಿ ಒಪ್ಪುತ್ತೆ" ಎಂದರು.

ನೀಲಮ್ಮ ಅವರ ಕಡೆ ನೋಡಲಿಲ್ಲ. ಅವಳಿಗೆ ಇನ್ನೊಂದು ಕೆಲಸವಿತ್ತು. "ಕೈ ಚಾಚು" ಎಂದು ನಾಗಮಣಿಗೆ ಹೇಳಿ, ಅವಳ ತೋಳಿನ ಪಕ್ಕ ತನ್ನ ಎಡತೋಳನ್ನು ಇಟ್ಟಳು. ಮೊಣಕೈಗೆ ಮೊಣಕೈ ಸರಿಮಾಡಿದಳು. ನಾಗಮಣಿಯ ನಡುಬೆರಳು ನೀಲಮ್ಮನ ಉಗುರಿಗಿಂತ ಎರಡು ಬೆರಳು ಹಿಂದೆಯೇ ಮುಗಿದಿತ್ತು.

"ನೋಡಿದ್ಯಾ? ನಾನು ಜಾಗ ಬುಟ್ಕೊಟ್ಟೆ, ಮೊಳ ಬುಟ್ಕೊಟ್ಟಿಲ್ಲ. ಇಲ್ಲಿ ಕೂತು ಮಾರೋದಾದ್ರೆ ನನ್ ಮೊಳವೇ. ಮೊಣಕೈ ಆದ್ಮೇಲೆ ಎರಡು ಬೆರಳು ಸೇರ್ಸು. ಕಟ್ಟು ಬಿಗೀ ಮಾಡು."

"ಆಯ್ತು ಕಣವ್ವ" ಎಂದಳು ನಾಗಮಣಿ.

ಗುಂಡು ಆಟೋದಲ್ಲೇ ವಿಜಯನಗರಕ್ಕೆ ಹೋಯಿತು. ಗುಬ್ಬಚ್ಚಿಗೆ ಬೇರೆ ಬಟ್ಟಲು ಇಟ್ಟರು. ಬೆಳಿಗ್ಗೆ ಹೊತ್ತು ನೀಲಮ್ಮ ಒರಳ ಮುಂದೆ ಕೂತು, ಬಿದ್ದ ಬಲಗೈಯನ್ನು ಗುಂಡಿನ ತಲೆಯ ಮೇಲಿಟ್ಟು, ಅದರ ಮೇಲೆ ಎಡಗೈ ಇಟ್ಟು, ನಿಧಾನವಾಗಿ ತಿರುಗಿಸುತ್ತಾಳೆ. ಮೊನ್ನೆ ನಾನು ಹೋದಾಗ ಕಾಯಿಚಟ್ನಿ ರುಬ್ಬುತ್ತಿದ್ದಳು. ಎಡಗೈ ಎತ್ತಿ, "ನೋಡು" ಎಂದಳು. ಬಲಗೈಯ ಹೆಬ್ಬೆರಳು ತೂತಿನ ಅಂಚನ್ನು ತಾನಾಗಿಯೇ ಹಿಡಿದುಕೊಂಡಿತ್ತು. ಚಟ್ನಿ ತರಿತರಿಯಾಗಿತ್ತು, ಉಪ್ಪು ಸ್ವಲ್ಪ ಕಡಿಮೆ. ಹೇಳಿದೆ. "ಉಪ್ಪು ಹಾಕಿದ್ದು ಪ್ರೇಮ" ಎಂದಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾಗಮಣಿಯ ಬುಟ್ಟಿ ನಾಲ್ಕು ಗಂಟೆಗೇ ಖಾಲಿಯಾಯಿತು. ಹೊಸ ಗಿರಾಕಿಯೊಬ್ಬಳು ಅವಳು ಅಳೆಯುವುದನ್ನು ನೋಡಿ, "ಮೊಣಕೈ ಆಯ್ತಲ್ಲಮ್ಮ, ಇನ್ನೂ ಯಾಕೆ ಎಳೀತೀಯಾ?" ಎಂದು ಕೇಳಿದಳು.

ನಾಗಮಣಿ ಎರಡು ಬೆರಳು ಹಿಡಿದು, ಅಲ್ಲಿಗೆ ಸರಿಯಾಗಿ ನಾರು ಕತ್ತರಿಸಿದಳು.

"ಈ ಜಾಗದ ಮೊಳ ಇಷ್ಟೇ ಉದ್ದ ಕಣಕ್ಕ" ಎಂದಳು.